ವಡಪಳನಿಯಲ್ಲಿ ಮನೆ, ಮಸ್ಕತ್ತಿನಲ್ಲಿ ಸಂಬಳ

ವಡಪಳನಿಯ ಮುರುಗನ ದೇವಸ್ಥಾನದ ಸುತ್ತಣ ಬೀದಿಗಳಲ್ಲಿ ಗೇಟಿಗೆ ತೂಗುಹಾಕಿದ ‘ವೀಡು ವಾಡಗೈಕ್ಕು’ ಎಂಬ ಫಲಕದ ಅರ್ಥ, ತಮಿಳು ಲಿಪಿ ಬಾರದ ಕನ್ನಡಿಗನಿಗೂ ಎರಡೇ ದಿನಗಳಲ್ಲಿ ತಿಳಿದುಬಿಡುತ್ತದೆ. ಕಷ್ಟವಿರುವುದು ಗೇಟಿನೊಳಗೆ, ಮನೆಯೊಡೆಯರ ಪ್ರಶ್ನೆಗಳಲ್ಲಿ.

ಈ ಬಡಾವಣೆ ನಮ್ಮವರಿಗೆ ಹೊಸದೇನಲ್ಲ. 1948ರಲ್ಲಿ ಎ.ವಿ.ಎಂ. ಸ್ಟುಡಿಯೋ ಕಾರೈಕುಡಿಯಿಂದ ಇಲ್ಲಿಗೆ ಬಂದಿತು, ಸಮೀಪದಲ್ಲೇ ವಾಹಿನಿ. 1954ರ ‘ಬೇಡರ ಕಣ್ಣಪ್ಪ’ದ ಕಾಲದಲ್ಲಿ ಕನ್ನಡ ಚಿತ್ರರಂಗದ ಬೀಡು ಮದರಾಸೇ ಆಗಿದ್ದಿತು. ಚಿತ್ರದಿಂದ ಚಿತ್ರಕ್ಕೆ ಗಳಿಸುವವನಿಗೆ ಮನೆ ಕೊಡಲು ಅಂದು ಅಳುಕು. ಇಂದಿನ ಅಳುಕು ಬೇರೆ: ಬಾಡಿಗೆದಾರ ಇಲ್ಲಿ, ವರಮಾನ ಕಡಲಾಚೆ.

ಧಾರವಾಡದ ಕಡೆಯ ನಿವೃತ್ತ ಉಪಾಧ್ಯಾಯ ದಂಪತಿಗಳನ್ನೇ ನೋಡಬಹುದು. ಪತ್ನಿಗೆ ವಾರಕ್ಕೆ ಮೂರು ಬಾರಿ ಡಯಾಲಿಸಿಸ್. ಆಸ್ಪತ್ರೆಗೆ ಹತ್ತಿರವೇ ಮನೆ ಬೇಕು. ಬಾಡಿಗೆ ತೆರುವವನು ಮಸ್ಕತ್ತಿನಲ್ಲಿರುವ ಮಗ. “ಸಾರ್, ನಾಳೆ ಹಣ ನಿಂತರೆ ನಾನು ಯಾರನ್ನು ಕೇಳಲಿ?” ಎಂದರು ಮನೆಯೊಡೆಯರು. ಆ ಪ್ರಶ್ನೆ ಅನ್ಯಾಯದ್ದೆನ್ನಲಾಗದು. ಅದಕ್ಕೆ ಅವರು ಕಂಡುಕೊಂಡ ಪರಿಹಾರ ಮಾತ್ರ, ಚೆನ್ನೈನ ಹಳೆಯ ರೂಢಿಯಂತೆ, ಹತ್ತು ತಿಂಗಳ ಅಡ್ವಾನ್ಸ್. ಬಾಡಿಗೆ ಇಪ್ಪತ್ತು ಸಾವಿರವಾದರೆ ಎರಡು ಲಕ್ಷ! ಚಿಕಿತ್ಸೆಗೆಂದು ಕೂಡಿಟ್ಟ ಗಂಟು ಅಲ್ಲಿಗೇ ಕರಗುತ್ತದೆ.

2019ರ ಫೆಬ್ರವರಿಯಲ್ಲಿ ಜಾರಿಗೆ ಬಂದ ತಮಿಳುನಾಡಿನ ಹೊಸ ಬಾಡಿಗೆ ಕಾಯಿದೆಯನ್ನು ಬಲ್ಲವರು ಕಡಿಮೆ. ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಠೇವಣಿ ಮೂರು ತಿಂಗಳ ಬಾಡಿಗೆಯನ್ನು ಮೀರಕೂಡದೆಂದು ಅದು ಹೇಳುತ್ತದೆ. ‘ಬೇರೆ ಒಪ್ಪಂದ’ ಎಂಬ ಮಾತಿನ ಸಂದಿಯಲ್ಲೇ ಹತ್ತು ತಿಂಗಳು ನುಸುಳುವುದರಿಂದ, ಸಹಿಗೆ ಮುನ್ನ ಕರಾರನ್ನು ಓದತಕ್ಕದ್ದು. ತಮಿಳಿನಲ್ಲಿದ್ದರೆ ಓದಿಸಿಕೊಳ್ಳತಕ್ಕದ್ದು. ಕರಾರು ಲಿಖಿತವಾಗಿದ್ದು, ಬಾಡಿಗೆ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ಹನ್ನೊಂದು ತಿಂಗಳದೆಂಬ ನೆಪ ಇಲ್ಲಿ ಸಲ್ಲದು.

ಇನ್ನು ಮನೆಯೊಡೆಯರ ಪ್ರಶ್ನೆಗೆ ಉತ್ತರ ಬ್ಯಾಂಕಿನಲ್ಲಿದೆ. ಅನಿವಾಸಿ ಮಗನ ಎನ್.ಆರ್.ಇ. ಖಾತೆಯಿಂದ ಸ್ಥಳೀಯ ಪಾವತಿಗಳನ್ನು ರೂಪಾಯಿಯಲ್ಲಿ ಮಾಡಬಹುದು. ಆತ ಅಧಿಕಾರಪತ್ರವಿತ್ತರೆ ಇಲ್ಲಿರುವ ತಂದೆಯೇ ಆ ಪಾವತಿ ನಡೆಸಬಹುದು. ತಿಂಗಳ ನಿಗದಿತ ದಿನ ಬಾಡಿಗೆ ತಾನಾಗಿ ಸಲ್ಲುವಂತೆ ಬ್ಯಾಂಕಿಗೆ ಸ್ಥಾಯಿ ಸೂಚನೆ ಕೊಡಬಹುದು. ಬಾಡಿಗೆದಾರ ತಂದೆ, ಹಣ ತೆರುವವನು ಮಗ ಎಂಬುದು ಕರಾರಿನಲ್ಲಿ ಬರೆದಿರಲಿ. ಇಲ್ಲವಾದರೆ ಮುಂದೆ ವ್ಯಾಜ್ಯ ಬಂದಾಗ ರಸೀದಿಗಳೆಲ್ಲ ಪರರ ಹೆಸರಿನಲ್ಲಿರುತ್ತವೆ. ಮಗ ತಂದೆಗೆ ಕಳುಹಿಸಿದ ಹಣಕ್ಕೆ ತಂದೆ ಆದಾಯ ತೆರಿಗೆ ತೆರಬೇಕಾಗಿಲ್ಲ.

ಉಪಾಧ್ಯಾಯರು ತಮ್ಮ ಪಿಂಚಣಿ ಆದೇಶ, ಮಗನ ಉದ್ಯೋಗ ಪತ್ರ, ಆರು ತಿಂಗಳ ಖಾತೆ ವಿವರ ಇವಿಷ್ಟನ್ನು ಒಂದು ಕಡತದಲ್ಲಿಟ್ಟು ಮನೆಯೊಡೆಯರ ಮುಂದಿರಿಸಿದರು. ಎರಡು ಸಂಜೆಗಳ ಮಾತಿನ ಬಳಿಕ ಹತ್ತು ತಿಂಗಳು ನಾಲ್ಕಕ್ಕಿಳಿಯಿತು. ಮೂರಕ್ಕಿಳಿಯಲಿಲ್ಲ. ತೆರವು ಮಾಡಿದ ಒಂದು ತಿಂಗಳೊಳಗೆ ಠೇವಣಿ ಹಿಂದಿರುಗಿಸಬೇಕೆಂಬುದನ್ನೂ, ಸುಣ್ಣಬಣ್ಣಕ್ಕೆಂದು ಎಷ್ಟು ಮುರಿದುಕೊಳ್ಳಬಹುದೆಂಬುದನ್ನೂ ಬರೆಯಿಸಿಕೊಂಡರು. ಬೀಗದ ಕೈ ಸಿಕ್ಕಿದ್ದು ಮಂಗಳವಾರ ಸಂಜೆ. ಡಯಾಲಿಸಿಸ್ ಸರದಿ ಮರುದಿನ ಬೆಳಿಗ್ಗೆ ಏಳಕ್ಕೆ.