ಮುಂಬಯಿಯ ಮಳೆಯೂ ಮಹಾನಗರಪಾಲಿಕೆಯ ಯೋಜನೆಯೂ

2005ರ ಜುಲೈ 26ನೆಯ ದಿನವನ್ನು ಮುಂಬಯಿಯ ಕನ್ನಡಿಗರು ಮರೆತಿರಲಾರರು. ಅಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ರೈಲುಗಳು ನಿಂತುಹೋಗಲು, ಕಚೇರಿಯಿಂದ ಹೊರಟವರು ನೀರಿನಲ್ಲೇ ನಡೆದು ಮನೆ ಸೇರಬೇಕಾಯಿತು.

ಈ ಅನಾಹುತಕ್ಕೆ ಮಳೆಯೊಂದೇ ಕಾರಣವಾಗಿರಲಿಲ್ಲ. ನಗರದ ಹಳೆಯ ಚರಂಡಿಗಳು ಗಂಟೆಗೆ 25 ಮಿಲಿಮೀಟರ್ ಮಳೆಯನ್ನಷ್ಟೇ ಸಾಗಿಸುವಂತೆ ರಚಿತವಾದವು. ಕಡಲು ಉಬ್ಬರಿಸಿದಾಗ ನೀರು ಹೊರಹೋಗಲು ದಾರಿಯೇ ಇಲ್ಲ. ಆ ಸಾಮರ್ಥ್ಯವನ್ನು 50 ಮಿಲಿಮೀಟರಿಗೆ ಏರಿಸಲು ಕಾಮಗಾರಿಗಳು ನಡೆದಿವೆ. ಹಾಜಿ ಅಲಿ, ಇರ್ಲಾ ಮೊದಲಾದೆಡೆ ನೀರನ್ನು ಕಡಲಿಗೆ ದೂಡುವ ಪಂಪುಗಳು ಸ್ಥಾಪಿತವಾಗಿವೆ. ಹಿಂದ್‌ಮಾತಾದ ನೀರನ್ನು ಹಿಡಿದಿಡಲು ನೆಲದಡಿಯಲ್ಲಿ ತೊಟ್ಟಿಗಳನ್ನು ಕಟ್ಟಲಾಗಿದೆ.

2022ರ ಮಾರ್ಚಿನಲ್ಲಿ ಮಹಾನಗರಪಾಲಿಕೆಯು ಹವಾಮಾನ ಕ್ರಿಯಾಯೋಜನೆಯನ್ನು ಪ್ರಕಟಿಸಿತು. ನೆರೆ, ಕಸ, ಗಾಳಿಯ ಶುದ್ಧಿ, ಹಸುರು, ಸಂಚಾರ ಹಾಗೂ ವಿದ್ಯುತ್ತು-ಕಟ್ಟಡಗಳು ಎಂಬ ಆರು ವಿಭಾಗಗಳು ಅದರಲ್ಲಿವೆ. ಏರುತ್ತಿರುವ ತಾಪವನ್ನೂ ಅದು ಗಂಡಾಂತರವೆಂದೇ ಎಣಿಸಿದೆ.

ಯೋಜನೆ ಸ್ತುತ್ಯವಾದುದೇ ಸರಿ. ಆದರೆ ಹಗಲೆಲ್ಲ ಒಲೆಯ ಮುಂದೆ ಬೆಂದು, ರಾತ್ರಿ ತಗಡಿನ ಮಾಡಿನ ಕೆಳಗೆ ಮಲಗುವ ನಮ್ಮ ಹೋಟೆಲು ಕಾರ್ಮಿಕನಿಗೆ ಅದರ ಫಲ ಮುಟ್ಟುವುದೆಂದು? ಮುನ್ನೆಚ್ಚರಿಕೆಯ ಮಾತು ಅವನ ಕಿವಿಗೆ ಬೀಳುವುದು ಯಾವ ಭಾಷೆಯಲ್ಲಿ? ನೆರೆಯ ರಾತ್ರಿ ಅವನು ಆಶ್ರಯಕ್ಕಾಗಿ ಹೋಗತಕ್ಕ ಶಾಲೆ ಯಾವುದು?

ಈ ಪ್ರಶ್ನೆಗಳನ್ನು ನಮ್ಮ ಸಂಘ-ಸಂಸ್ಥೆಗಳು ಮಳೆಗಾಲಕ್ಕೆ ಮುನ್ನವೇ ವಾರ್ಡು ಕಚೇರಿಗಳಲ್ಲಿ ಕೇಳಬೇಕು. ದೊರೆತ ಉತ್ತರವನ್ನು ಕನ್ನಡದಲ್ಲಿ ಬರೆದು ಪ್ರತಿಯೊಂದು ಹೋಟೆಲಿನ ಅಡುಗೆಮನೆಯಲ್ಲಿ ತೂಗಹಾಕಬೇಕು. ನೀರು ಹೊಸ್ತಿಲು ದಾಟಿದ ಮೇಲೆ ವಿಚಾರಿಸಿ ಫಲವಿಲ್ಲವೆಂಬುದನ್ನು ನಾವು ಒಮ್ಮೆ ಕಲಿತಿದ್ದೇವೆ.