ಕೆಟ್ಟಿದೆ ಎಂದು ಬರೆಯುವ ಮುನ್ನ: ಪುಟ್ಟ ಲಿನಕ್ಸ್ ಗಣಕದ ವೈಫೈ ಮತ್ತು ಬ್ಲೂಟೂತ್

ಕೋಣನಕುಂಟೆಯ ಪ್ರೌಢಶಾಲೆಯೊಂದಕ್ಕೆ ಅಭ್ಯಾಸ ಬೋಧನೆಗೆ ಹೋದಾಗ ಒಂಬತ್ತನೇ ತರಗತಿಯ ‘ಶಬ್ದ’ ಘಟಕ ನನ್ನ ಪಾಲಿಗೆ ಬಂತು. ಬೇರೆ ಬೇರೆ ಆವೃತ್ತಿಯ ಸ್ವರಗಳನ್ನು ಮಕ್ಕಳಿಗೆ ಕೇಳಿಸಬೇಕು, ತರಂಗದ ಚಿತ್ರವನ್ನು ಪರದೆಯ ಮೇಲೆ ತೋರಿಸಬೇಕು ಎಂದು ಪಾಠಯೋಜನೆ ಬರೆದಿದ್ದೆ. ಉಪಕರಣಕ್ಕಾಗಿ ಹುಡುಕಿದಾಗ ವಿಜ್ಞಾನ ಕೊಠಡಿಯ ಬೀರುವಿನಲ್ಲಿ ಮೂರು ರಾಸ್‌ಬೆರ್ರಿ ಪೈ ಬೋರ್ಡ್‌ಗಳು ಸಿಕ್ಕವು. ಯಾರೋ ದಾನಿಗಳು ಕೊಟ್ಟದ್ದು. ಡಬ್ಬಿಯ ಮೇಲೆ ‘ವೈಫೈ ಇಲ್ಲ, ಬ್ಲೂಟೂತ್ ಇಲ್ಲ’ ಎಂದು ಬರೆದ ಚೀಟಿ ಅಂಟಿಸಿತ್ತು. ನಿರುಪಯುಕ್ತ ವಸ್ತುಗಳ ಪಟ್ಟಿಯಲ್ಲಿ ಅವುಗಳ ಹೆಸರು ಆಗಲೇ ಸೇರಿದೆ, ತಿಂಗಳ ಕೊನೆಗೆ ಪಟ್ಟಿ ಹೋಗುತ್ತದೆ ಎಂದು ಮುಖ್ಯೋಪಾಧ್ಯಾಯರು ಹೇಳಿದರು.

ಒಂದು ಬೋರ್ಡನ್ನು ಪ್ರೊಜೆಕ್ಟರ್‌ಗೆ ಜೋಡಿಸಿ ನೋಡಿದೆ. ಗಣಕ ಚೆನ್ನಾಗಿಯೇ ಶುರುವಾಯಿತು. ವೈಫೈ ಗುರುತು ಮಾತ್ರ ಎಲ್ಲೂ ಇಲ್ಲ. ಊಟದ ಬಿಡುವಿನಲ್ಲಿ ನನ್ನ ಸುತ್ತ ಸೇರಿದ್ದ ಮಕ್ಕಳಿಗೆ, “ಇದರ ವೈಫೈ ಕೆಟ್ಟೋಗಿದೆ” ಎಂದೆ. ಒಬ್ಬಳು ಹುಡುಗಿ, “ಕೆಟ್ಟೋಗಿದೆ ಅಂತ ಹೆಂಗೆ ಗೊತ್ತಾಯ್ತು ಮಿಸ್?” ಎಂದು ಕೇಳಿದಳು. ಚೀಟಿಯಲ್ಲಿ ಹಾಗೆ ಬರೆದಿದೆ ಎನ್ನುವುದನ್ನು ಬಿಟ್ಟರೆ ನನ್ನ ಬಳಿ ಉತ್ತರವಿರಲಿಲ್ಲ. ಹಿಂದಿನ ದಿನವಷ್ಟೇ ಅದೇ ತರಗತಿಯಲ್ಲಿ ಊಹೆಗೂ ಪುರಾವೆಗೂ ಇರುವ ವ್ಯತ್ಯಾಸ ಹೇಳಿ ಬಂದಿದ್ದೆ!

ಈ ಲೇಖನ ಆ ಹುಡುಗಿಯ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ. ಇಂಥ ಬೋರ್ಡ್‌ಗಳು ನೀವು ಹೋಗುವ ಶಾಲೆಗಳ ಬೀರುಗಳಲ್ಲೂ ಇರಬಹುದು.

ಮೊದಲು ಒಂದು ಮೂಲ ಸಂಗತಿ. ಆ ಬೋರ್ಡ್‌ಗಳು ರಾಸ್‌ಬೆರ್ರಿ ಪೈ 3 ಮಾಡೆಲ್ ಬಿ. 2016ರ ಫೆಬ್ರವರಿಯಲ್ಲಿ ಬಂದ ಈ ಮಾದರಿಯಿಂದಲೇ ಪೈಗಳಲ್ಲಿ ವೈಫೈ ಮತ್ತು ಬ್ಲೂಟೂತ್ ಬೋರ್ಡಿನೊಳಗೇ ಇರತೊಡಗಿದವು. ಎರಡಕ್ಕೂ ಒಂದೇ ಚಿಪ್, ಬ್ರಾಡ್‌ಕಾಮ್‌ನ ಬಿಸಿಎಂ43438. ಲಿನಕ್ಸ್ ಅದನ್ನು 43430 ಎಂದು ಗುರುತಿಸುತ್ತದೆ. ಕಡತಗಳನ್ನು ಹುಡುಕುವಾಗ ಈ ಎರಡನೇ ಸಂಖ್ಯೆಯೇ ಬೇಕು. ನಾನು ಮೊದಲನೆಯದನ್ನು ಹಿಡಿದು ಒಂದು ಸಂಜೆ ಕಳೆದೆ.

ಈ ಚಿಪ್ ಬರೀ ರೇಡಿಯೋ ಅಲ್ಲ, ಅದರೊಳಗೆ ತನ್ನದೇ ಆದ ಪುಟ್ಟ ಪ್ರೊಸೆಸರ್ ಇದೆ. ಆ ಪ್ರೊಸೆಸರ್ ನಡೆಸಬೇಕಾದ ಕಾರ್ಯಕ್ರಮವೇ ಫರ್ಮ್‌ವೇರ್. ಅದರ ಒಂದು ಭಾಗ ಕಾರ್ಖಾನೆಯಲ್ಲೇ ಚಿಪ್ಪಿನ ಶಾಶ್ವತ ಸ್ಮೃತಿಯಲ್ಲಿ ಅಚ್ಚಾಗಿರುತ್ತದೆ. ಉಳಿದ ಭಾಗ ಮೆಮೊರಿ ಕಾರ್ಡಿನಲ್ಲಿ ಸಾಮಾನ್ಯ ಕಡತವಾಗಿ ಕೂತಿರುತ್ತದೆ. ಗಣಕ ಶುರುವಾದ ಪ್ರತಿಸಲವೂ ಲಿನಕ್ಸ್ ಆ ಕಡತವನ್ನು ಎತ್ತಿ ಚಿಪ್ಪಿಗೆ ತುಂಬಬೇಕು. ಕರೆಂಟ್ ಹೋದರೆ ಚಿಪ್ ಎಲ್ಲ ಮರೆಯುತ್ತದೆ. ಆದ್ದರಿಂದ ಕಾರ್ಡಿನಲ್ಲಿ ಆ ಕಡತ ಇಲ್ಲದಿದ್ದರೆ ಆರೋಗ್ಯವಂತ ಚಿಪ್ಪೂ ಸತ್ತಂತೆಯೇ ಕಾಣುತ್ತದೆ. ಡ್ರೈವರ್ ಬೇರೆ, ಫರ್ಮ್‌ವೇರ್ ಬೇರೆ ಎಂಬುದು ನನಗೇ ಸ್ಪಷ್ಟವಿರಲಿಲ್ಲ. ಡ್ರೈವರ್ ನಡೆಯುವುದು ಗಣಕದ ಪ್ರೊಸೆಸರ್‌ನಲ್ಲಿ, ಫರ್ಮ್‌ವೇರ್ ನಡೆಯುವುದು ಚಿಪ್ಪಿನೊಳಗೆ. ಡ್ರೈವರ್ ಲಿನಕ್ಸ್‌ನ ಒಳಗೇ ಮುಕ್ತವಾಗಿ ಬರುತ್ತದೆ. ಫರ್ಮ್‌ವೇರ್ ಮಾತ್ರ ತಯಾರಕರು ಮುಚ್ಚಿ ಕೊಡುವ ಸರಕು.

ನನ್ನ ಮೊದಲ ಊಹೆ ವಿದ್ಯುತ್ತಿನದು. ಶಾಲೆಯಲ್ಲಿ ಬಳಸುತ್ತಿದ್ದದ್ದು ಹಳೆಯ ಫೋನ್ ಚಾರ್ಜರ್. ಪೈ 3ಕ್ಕೆ 2.5 ಆಂಪಿಯರ್ ಕೊಡುವ ಚಾರ್ಜರ್ ಬೇಕು, ವೋಲ್ಟೇಜ್ 4.63ಕ್ಕಿಂತ ಕೆಳಗಿಳಿದರೆ ಅದು ಎಚ್ಚರಿಕೆ ಕೊಡುತ್ತದೆ. ಎಚ್ಚರಿಕೆ ಬರುತ್ತಿತ್ತು ಕೂಡ. ಕೋಣನಕುಂಟೆ ಕ್ರಾಸ್‌ನಿಂದ ಮೆಟ್ರೊ ಹಿಡಿದು ಚಿಕ್ಕಪೇಟೆಯಲ್ಲಿ ಇಳಿದು, ಎಸ್.ಪಿ. ರಸ್ತೆಯಲ್ಲಿ ಒಳ್ಳೆಯ ಚಾರ್ಜರ್ ತಂದೆ. ಎಚ್ಚರಿಕೆ ಹೋಯಿತು, ವೈಫೈ ಬರಲಿಲ್ಲ. ಒಂದು ದೋಷ ಸಿಕ್ಕ ಕೂಡಲೇ ಅದೇ ಕಾರಣ ಎಂದುಕೊಂಡಿದ್ದು ನನ್ನ ತಪ್ಪು. ಆದರೆ ಆ ದುಡ್ಡು ದಂಡವಾಗಲಿಲ್ಲ. ವಿದ್ಯುತ್ ಸರಿಯಿಲ್ಲದೆ ಮುಂದಿನ ಯಾವ ಪರೀಕ್ಷೆಯನ್ನೂ ನಂಬುವ ಹಾಗಿರಲಿಲ್ಲ.

ಎರಡನೆಯ ಹೆಜ್ಜೆಯನ್ನೇ ನಾನು ಮೊದಲು ಇಡಬೇಕಿತ್ತು. ಸಹಪಾಠಿಯೊಬ್ಬಳ ಬಳಿ ಚೆನ್ನಾಗಿ ನಡೆಯುತ್ತಿದ್ದ ಪೈ ಇತ್ತು. ಅವಳ ಮೆಮೊರಿ ಕಾರ್ಡನ್ನು ತಂದು ಶಾಲೆಯ ಬೋರ್ಡ್‌ಗಳಿಗೆ ಒಂದೊಂದಾಗಿ ಹಾಕಿದೆ. ಮೊದಲನೆಯದರಲ್ಲಿ ವೈಫೈ ಬಂತು. ಎರಡನೆಯದರಲ್ಲೂ ಬಂತು. ಮೂರನೆಯದರಲ್ಲಿ ಬರಲಿಲ್ಲ. ಬೋರ್ಡ್ ಅದೇ, ಚಾರ್ಜರ್ ಅದೇ, ಬದಲಾದದ್ದು ಕಾರ್ಡ್ ಮಾತ್ರ. ಒಂದು ಚರವನ್ನಷ್ಟೇ ಬದಲಿಸಿ ಉಳಿದದ್ದನ್ನು ಸ್ಥಿರವಾಗಿಡುವುದನ್ನು ಸಸ್ಯಕ್ಕೆ ಬೆಳಕು ಬೇಕೇ ಎಂಬ ಪ್ರಯೋಗದಲ್ಲಿ ಹೇಳಿಕೊಡುತ್ತೇವೆ. ಅದು ನನಗೆ ನೆನಪಾಗಲು ಎರಡು ದಿನ ಬೇಕಾಯಿತು. ಐದು ನಿಮಿಷದ ಈ ಕೆಲಸದಿಂದ ಎರಡು ಬೋರ್ಡ್‌ಗಳು ಬದುಕಿವೆ ಎಂದು ಖಚಿತವಾಯಿತು.

ಹಾಗಾದರೆ ಶಾಲೆಯ ಕಾರ್ಡಿನಲ್ಲಿ ಏನಿಲ್ಲ? ಲಿನಕ್ಸ್ ಶುರುವಾಗುವಾಗ ತಾನು ಕಂಡದ್ದನ್ನೆಲ್ಲ ದಿನಚರಿಯ ಹಾಗೆ ಬರೆದಿಡುತ್ತದೆ. ಅದನ್ನು ಓದುವ ಆಜ್ಞೆಗೆ ಐದಕ್ಷರ: ಡಿ, ಎಂ, ಇ, ಎಸ್, ಜಿ. ಮುಂದೆ ‘ಸುಡೊ’ ಸೇರಿಸಿ ಟೈಪ್ ಮಾಡಿದರೆ ನೂರಾರು ಸಾಲು ಬರುತ್ತವೆ. ಅವುಗಳಲ್ಲಿ 43430 ಎಂಬ ಸಂಖ್ಯೆಯಿರುವ ಸಾಲುಗಳನ್ನು ಹುಡುಕಬೇಕು. ನನಗೆ ಸಿಕ್ಕ ಸಾಲಿನ ಸಾರಾಂಶ ಇಷ್ಟು: ಈ ಚಿಪ್ ಕಂಡಿದೆ, ಇದಕ್ಕೆ ‘ಬಿನ್’ ಎಂದು ಕೊನೆಯಾಗುವ ಕಡತ ಬೇಕಿತ್ತು, ತುಂಬಲು ಆಗಲಿಲ್ಲ, ದೋಷ ಸಂಖ್ಯೆ ಮೈನಸ್ 2. ಲಿನಕ್ಸ್‌ನಲ್ಲಿ ಮೈನಸ್ 2 ಎಂದರೆ ‘ಅಂಥ ಕಡತವೇ ಇಲ್ಲ’. ಚಿಪ್ಪು ಸುಟ್ಟಿದ್ದರೆ ಅದು ‘ಕಂಡಿದೆ’ ಎಂಬ ಮಾತೇ ಅಲ್ಲಿರುತ್ತಿರಲಿಲ್ಲ.

ಕಡತ ಏಕೆ ಇರಲಿಲ್ಲ ಎನ್ನುವುದಕ್ಕೊಂದು ಕಥೆಯಿದೆ. ಆ ಕಾರ್ಡುಗಳಲ್ಲಿ ಇದ್ದದ್ದು ಡೆಬಿಯನ್ 11. ಡೆಬಿಯನ್ ಯೋಜನೆ ಮುಕ್ತ ತಂತ್ರಾಂಶದ ವಿಷಯದಲ್ಲಿ ಬಲು ಕಟ್ಟುನಿಟ್ಟು. ಮೂಲ ಸಂಕೇತ ತೋರಿಸದ ಫರ್ಮ್‌ವೇರನ್ನು ಅದು ಬಹುಕಾಲ ತನ್ನ ಅಧಿಕೃತ ಅನುಸ್ಥಾಪನಾ ಮಾಧ್ಯಮದಿಂದ ಹೊರಗೇ ಇಟ್ಟಿತ್ತು. 2022ರಲ್ಲಿ ಸದಸ್ಯರು ಮತ ಹಾಕಿ ನಿಲುವು ಬದಲಿಸಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಫರ್ಮ್‌ವೇರ್ ಜೊತೆಗೇ ಬರುತ್ತಿದೆ. ನಮ್ಮ ಕಾರ್ಡುಗಳು ಅದಕ್ಕೆ ಮೊದಲಿನವು. ಅವನ್ನು ಸಿದ್ಧಪಡಿಸಿದವರು ಪೈ ಶುರುವಾಗಲು ಬೇಕಾದ ಕಡತಗಳನ್ನು ಹಾಕಿ ರೇಡಿಯೋದ್ದನ್ನು ಬಿಟ್ಟಿದ್ದರು. ತಮಾಷೆಯೆಂದರೆ ಶುರುವಾಗಲು ಬೇಕಾದ ಆ ಕಡತಗಳೂ ಮುಚ್ಚಿದವೇ.

ಇಲ್ಲಿ ನನಗೆ ಸಿಂಪ್ಯೂಟರ್ ನೆನಪಾಯಿತು. ಅಂಗೈಯಗಲದ ಲಿನಕ್ಸ್ ಗಣಕ ಬೆಂಗಳೂರಿಗೆ ಹೊಸದೇನಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. 2004ರಲ್ಲಿ ಬಿಇಎಲ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ತಂತ್ರಾಂಶ ಮಾತ್ರವಲ್ಲ, ಯಂತ್ರಾಂಶದ ವಿನ್ಯಾಸವನ್ನೂ ಇತರರು ಬಳಸಲು ಅವಕಾಶ ಕೊಡುವ ಪರವಾನಗಿ ಅದಕ್ಕಿತ್ತು. ಜಯನಗರದ ಐಟಿ ಫಾರ್ ಚೇಂಜ್ ಸಂಸ್ಥೆ ಡಿಎಸ್‌ಇಆರ್‌ಟಿ ಜೊತೆ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ಮೂಲಕ ನಮ್ಮ ಅನೇಕ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು, ಜಿಯೋಜೀಬ್ರಾ ಕೈಗೆ ಹತ್ತಿವೆ. ಕಿಯೋನಿಕ್ಸ್ 2025ರ ನವೆಂಬರ್‌ನಲ್ಲಿ ತೋರಿಸಿದ ‘ಕಿಯೋ’ ಗಣಕವೂ ಲಿನಕ್ಸ್‌ನದೇ. ಹಾಗಾಗಿ ಇದು ಗಣಕ ವಿಜ್ಞಾನದವರ ತಲೆನೋವು, ನಮಗೇಕೆ ಎಂದು ವಿಜ್ಞಾನ ಪ್ರಶಿಕ್ಷಣಾರ್ಥಿಗಳು ಕೈತೊಳೆದುಕೊಳ್ಳುವಂತಿಲ್ಲ.

ಮತ್ತೆ ಕಡತಕ್ಕೆ ಬರೋಣ. ಫರ್ಮ್‌ವೇರ್ ತರಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ವೈಫೈ ಬೇಕು, ವೈಫೈಗೆ ಫರ್ಮ್‌ವೇರ್ ಬೇಕು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎನ್ನುವ ಹಾಗೆ. ಸುಲಭದ ದಾರಿಯೆಂದರೆ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ತಂತಿಯಿಂದ ಪೈಗೆ ಜೋಡಿಸಿ ಟೆದರಿಂಗ್ ಒತ್ತುವುದು. ಅದಕ್ಕೆ ಈ ಚಿಪ್ಪಿನ ಹಂಗಿಲ್ಲ. ನನಗೆ ಆಗ ಇದು ತಿಳಿದಿರಲಿಲ್ಲ. ಗೆಳತಿಯ ಕಾರ್ಡಿನ ‘ಲಿಬ್’ ಕೋಶದೊಳಗಿನ ‘ಫರ್ಮ್‌ವೇರ್’, ಅದರೊಳಗಿನ ‘ಬಿಆರ್‌ಸಿಎಂ’ ಕೋಶದಿಂದ ‘ಬಿನ್’ ಕಡತವನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಂದು ಶಾಲೆಯ ಕಾರ್ಡಿನ ಅದೇ ಜಾಗದಲ್ಲಿ ಇಟ್ಟೆ.

ಮೈನಸ್ 2 ಮಾಯವಾಯಿತು. ವೈಫೈ ಬರಲಿಲ್ಲ. ಹೊಸ ದೋಷವೊಂದು ಬಂತು: ಚಿಪ್ಪಿನ ಒಳಗಿನ ಗಡಿಯಾರ ಸಿದ್ಧವಾಗಲೆಂದು ಕಾದು ಲಿನಕ್ಸ್ ಬೇಸತ್ತಿದೆ. ನಾನೂ ಬೇಸತ್ತಿದ್ದೆ. ಆದರೆ ದೋಷ ಬದಲಾಗಿದೆ ಎಂದರೆ ಒಂದು ಮೆಟ್ಟಿಲು ಹತ್ತಿದ್ದೇವೆ ಎಂದರ್ಥ. ನೋಡಿದರೆ ‘ಬಿನ್’ ಕಡತಕ್ಕೆ ಜೊತೆಗಾರನಾಗಿ ಅದೇ ಹೆಸರಿನ ಒಂದು ಪಠ್ಯ ಕಡತವೂ ಬೇಕು. ಒಂದೇ ಚಿಪ್ಪನ್ನು ಹಲವು ಕಂಪನಿಗಳು ಹಲವು ಬೋರ್ಡ್‌ಗಳಲ್ಲಿ ಕೂರಿಸುತ್ತವೆ. ಈ ಬೋರ್ಡಿನ ಸ್ಫಟಿಕದ ಕಂಪನ ಎಷ್ಟು, ಆಂಟೆನಾಕ್ಕೆ ಎಷ್ಟು ಶಕ್ತಿ ಕೊಡಬೇಕು ಎಂಬ ವಿವರ ಆ ಪಠ್ಯ ಕಡತದಲ್ಲಿರುತ್ತದೆ. ತೆರೆದು ಓದಬಹುದು. ಪೈ 3ರದ್ದರಲ್ಲಿ ಸ್ಫಟಿಕದ ಆವೃತ್ತಿ 37400 ಕಿಲೋಹರ್ಟ್ಸ್ ಎಂದಿದೆ. ಇದು ತಿಳಿಯದೆ ಫರ್ಮ್‌ವೇರ್ ತನ್ನ ಗಡಿಯಾರ ಹೊಂದಿಸಿಕೊಳ್ಳಲಾರದು. ಆವೃತ್ತಿಯ ಪಾಠ ಮಾಡಲು ಹೊರಟವಳಿಗೆ ಆವೃತ್ತಿಯೇ ಅಡ್ಡಬಂದಿತ್ತು! ಪಠ್ಯ ಕಡತವನ್ನೂ ಸೇರಿಸಿ ಮರುಶುರು ಮಾಡಿದೆ. ವೈಫೈ ಗುರುತು ಬಂತು.

ಇಷ್ಟಾದರೂ ನನ್ನ ಫೋನಿನ ಹಾಟ್‌ಸ್ಪಾಟ್ ಪಟ್ಟಿಯಲ್ಲಿ ಕಾಣಲಿಲ್ಲ. ಪಕ್ಕದ ಮನೆಗಳದ್ದೆಲ್ಲ ಕಾಣುತ್ತಿತ್ತು. ಪೈ 3 ಬಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಮಾತ್ರ ಬಲ್ಲದು, ನನ್ನ ಫೋನ್ 5 ಗಿಗಾಹರ್ಟ್ಸ್‌ನಲ್ಲಿ ಪ್ರಸಾರ ಮಾಡುತ್ತಿತ್ತು. ಫೋನಿನಲ್ಲಿ ಬದಲಿಸಿದೆ, ಸರಿಹೋಯಿತು. ರಾಸ್‌ಬೆರ್ರಿ ಪೈ ಓಎಸ್ ಬಳಸುವವರಿಗೆ ಇನ್ನೊಂದು ಮಾತು: ಅದರಲ್ಲಿ ದೇಶ ಯಾವುದೆಂದು ಆರಿಸುವವರೆಗೆ ವೈಫೈಗೆ ಬೀಗ ಹಾಕಿರುತ್ತದೆ, ಏಕೆಂದರೆ ಯಾವ ಚಾನೆಲ್ ಬಳಸಬಹುದು ಎಂಬ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಭಾರತವನ್ನು ಆರಿಸಿದರೆ ಬೀಗ ತೆರೆಯುತ್ತದೆ. ಇದನ್ನೂ ‘ಕೆಟ್ಟಿದೆ’ ಎಂದುಕೊಳ್ಳುವವರಿದ್ದಾರೆ.

ವೈಫೈ ಬಂದರೆ ಬ್ಲೂಟೂತ್ ತಾನಾಗಿ ಬರುತ್ತದೆ ಎಂದುಕೊಂಡಿದ್ದೆ. ಇಲ್ಲ. ಚಿಪ್ ಒಂದೇ ಆದರೂ ಮಾತಿನ ದಾರಿ ಎರಡು. ವೈಫೈ ಭಾಗ ಗಣಕದೊಡನೆ ಎಸ್‌ಡಿಐಒ ಎಂಬ ವೇಗದ ದಾರಿಯಲ್ಲಿ ಮಾತಾಡುತ್ತದೆ, ಬ್ಲೂಟೂತ್ ಭಾಗ ಯುಎಆರ್‌ಟಿ ಎಂಬ ಹಳೆಯ ಸರಣಿ ದಾರಿಯಲ್ಲಿ. ಡ್ರೈವರ್ ಬೇರೆ, ಕಡತವೂ ಬೇರೆ. ಅದರ ಹೆಸರು ‘ಎಚ್‌ಸಿಡಿ’ ಎಂದು ಕೊನೆಯಾಗುತ್ತದೆ. ಇದು ಇಡೀ ಕಾರ್ಯಕ್ರಮವಲ್ಲ, ಚಿಪ್ಪಿನಲ್ಲಿ ಅಚ್ಚಾಗಿರುವುದಕ್ಕೆ ಹಾಕುವ ತೇಪೆ. ದಿನಚರಿಯಲ್ಲಿ ‘ತೇಪೆಯ ಕಡತ ಸಿಗಲಿಲ್ಲ’ ಎಂಬ ಸಾಲು ಇದ್ದೇ ಇತ್ತು, ವೈಫೈ ಗಡಿಬಿಡಿಯಲ್ಲಿ ನಾನು ಓದಿರಲಿಲ್ಲ. ಅದನ್ನೂ ಗೆಳತಿಯ ಕಾರ್ಡಿನಿಂದ ತಂದಿಟ್ಟೆ. ಸ್ಪೀಕರ್ ಜೋಡಿಯಾಯಿತು.

ಇಡೀ ಕಾರ್ಡನ್ನೇ ಅಳಿಸಿ ಹೊಸದಾಗಿ ಬರೆದಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು ಎಂದು ಗೆಳತಿ ನಕ್ಕಳು. ನಿಜ. ಆದರೆ ಆ ಹುಡುಗಿಯ ಪ್ರಶ್ನೆಗೆ ಆಗಲೂ ನನ್ನ ಬಳಿ ಉತ್ತರ ಇರುತ್ತಿರಲಿಲ್ಲ.

ಪಾಠದ ದಿನ ಮೇಲ್ವಿಚಾರಕರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. 256 ಹರ್ಟ್ಸ್ ಸ್ವರ ನುಡಿಸುತ್ತ, ಅದೇ ಹೊತ್ತಿಗೆ ಇಂಟರ್ನೆಟ್‌ನಿಂದ ತರಂಗದ ಚಿತ್ರ ತೆರೆದೆ. ಸ್ವರ ತುಂಡು ತುಂಡಾಯಿತು. ವೈಫೈ, ಬ್ಲೂಟೂತ್ ಎರಡೂ 2.4 ಗಿಗಾಹರ್ಟ್ಸ್‌ನಲ್ಲೇ ಇವೆ, ಆಂಟೆನಾ ಒಂದೇ, ಸರದಿಯ ಮೇಲೆ ಬಳಸಬೇಕು. ಮೊದಲೇ ಚಿತ್ರ ಇಳಿಸಿಟ್ಟುಕೊಂಡು ವೈಫೈ ಆರಿಸಿ ನುಡಿಸಬೇಕಿತ್ತು. ಆರಿಸಿದ ಮೇಲೆ ಸರಿಹೋಯಿತು. ಇನ್ನೆರಡು ಎಚ್ಚರಿಕೆ, ಇದೇ ಘಟಕ ಮಾಡುವವರಿಗೆ. ಬ್ಲೂಟೂತ್ ಸ್ಪೀಕರ್‌ನಲ್ಲಿ ಶಬ್ದ ತಡವಾಗಿ ಹೊರಡುತ್ತದೆ. ತಡ 0.2 ಸೆಕೆಂಡ್ ಆದರೂ ಅಷ್ಟರಲ್ಲಿ ಗಾಳಿಯಲ್ಲಿ ಶಬ್ದ ಸುಮಾರು 68 ಮೀಟರ್ ಹೋಗಿರುತ್ತದೆ. ಪ್ರತಿಧ್ವನಿ ಬೇರೆಯಾಗಿ ಕೇಳಲು 0.1 ಸೆಕೆಂಡ್ ಅಂತರ ಸಾಕು ಎಂದು ಪಾಠ ಮಾಡುವವರು ಶಬ್ದದ ವೇಗ ಅಳೆಯಲು ಈ ಸ್ಪೀಕರ್ ಬಳಸಬಾರದು. ಹಾಗೆಯೇ 20,000 ಹರ್ಟ್ಸ್ ಹತ್ತಿರದ ಸ್ವರ ಮಕ್ಕಳಿಗೆ ಕೇಳದಿದ್ದರೆ ಅದು ಕಿವಿಯ ಮಿತಿಯೋ ಸ್ಪೀಕರ್‌ನ ಮಿತಿಯೋ ಹೇಳಲಾಗದು.

ಮೇಲ್ವಿಚಾರಕರು ‘ಉಪಕರಣವನ್ನು ಪೂರ್ವಪರೀಕ್ಷೆ ಮಾಡಿಕೊಳ್ಳಬೇಕು’ ಎಂದು ಷರಾ ಬರೆದರು. ಐದು ರಾತ್ರಿ ಬೇರೇನು ಮಾಡಿದ್ದೆ ಎಂದು ಅನ್ನಿಸಿತು. ಆದರೆ ಎರಡನ್ನೂ ಒಟ್ಟಿಗೆ ನಡೆಸಿ ನೋಡಿರಲಿಲ್ಲ ಎಂಬುದು ನಿಜವೇ.

ಮರುದಿನ ಆ ಹುಡುಗಿಯನ್ನೂ ಅವಳ ಜೊತೆಯವರನ್ನೂ ಕೂರಿಸಿಕೊಂಡು ಮೂರನೇ ಬೋರ್ಡಿನ ದಿನಚರಿ ತೆರೆದೆ. ಫರ್ಮ್‌ವೇರ್ ಎಲ್ಲ ಇರುವ ಕಾರ್ಡು ಹಾಕಿದ್ದೆವು. 43430 ಎಂಬ ಸಂಖ್ಯೆ ಒಂದು ಸಾಲಿನಲ್ಲೂ ಇಲ್ಲ. ಅದಿರಬೇಕಾದ ದಾರಿಯಲ್ಲಿ ಮೈನಸ್ 110, ಅಂದರೆ ಕಾದೂ ಉತ್ತರ ಬರಲಿಲ್ಲ. “ಇದು ನಿಜವಾಗ್ಲೂ ಕೆಟ್ಟಿದೆ ಅಲ್ವಾ ಮಿಸ್?” ಎಂದಳು. ಹೆಂಗೆ ಗೊತ್ತಾಯ್ತು ಎಂದು ಈ ಸಲ ನಾನು ಕೇಳಿದೆ. ಅವಳು ಪರದೆಯ ಮೇಲಿನ ಸಾಲಿನ ಮೇಲೆ ಬೆರಳಿಟ್ಟಳು. ನಿರುಪಯುಕ್ತ ವಸ್ತುಗಳ ಪಟ್ಟಿಯಲ್ಲಿ ಮುಖ್ಯೋಪಾಧ್ಯಾಯರು 3 ಎಂಬುದನ್ನು ಹೊಡೆದು 1 ಎಂದು ಬರೆದು, ಪಕ್ಕದಲ್ಲಿ ಚಿಕ್ಕ ರುಜು ಹಾಕಿದರು.