ಹಿತ್ತಿಲ ಬಾಗಿಲಿನಿಂದ ಬರುವ ಸಿಹಿ

'ಮಧುನಾಶಿನಿ ಎಲೆ ಅಗಿದರೆ ಸಿಹಿ ತಿನ್ನುವ ಚಪಲ ಬಿಟ್ಟುಹೋಗುತ್ತದಂತೆ, ನಿಜವೇ?' ಎಂದು ಓದುಗರೊಬ್ಬರು ಕೇಳಿದ್ದಾರೆ. ಊಟದ ಕೊನೆಗೆ ಒಂದು ಚೂರು ಬೆಲ್ಲವಾದರೂ ಬಾಯಿಗೆ ಬೀಳದಿದ್ದರೆ ಅವರಿಗೆ ಊಟ ಮುಗಿದ ಹಾಗೇ ಅನ್ನಿಸುವುದಿಲ್ಲವಂತೆ. ಅರ್ಧ ನಿಜ ಎಂದು ಒಂದೇ ಸಾಲಿನಲ್ಲಿ ಉತ್ತರಿಸಬಹುದಿತ್ತು. ಆದರೆ ಸ್ವಾರಸ್ಯ ಇರುವುದು ಉಳಿದರ್ಧದಲ್ಲಿ.

ಮಧುನಾಶಿನಿ ಕಾಡಂಚಿನಲ್ಲಿ, ಬೇಲಿಯ ಮೇಲೆ ಹಬ್ಬುವ ಬಳ್ಳಿ. ಪರಿಚಯದವರ ತೋಟದಿಂದ ಎರಡು ಎಲೆ ತಂದು ನಾನೂ ಅಗಿದು ನೋಡಿದೆ. ಮೊದಲು ತುಸು ಕಹಿ, ಹಸಿ ಸೊಪ್ಪಿನ ವಾಸನೆ. ಉಗಿದು, ಬಾಯಿ ಮುಕ್ಕಳಿಸಿ, ಒಂದು ಚಿಟಿಕೆ ಸಕ್ಕರೆ ಹಾಕಿಕೊಂಡರೆ ನಾಲಿಗೆಯ ಮೇಲೆ ಬರೀ ಮರಳು! ಮೈಸೂರು ಪಾಕಿನ ತುಂಡಿನಲ್ಲಿ ತುಪ್ಪ ಗೊತ್ತಾಯಿತು, ಕಡಲೆಹಿಟ್ಟು ಗೊತ್ತಾಯಿತು, ಸಿಹಿ ಮಾತ್ರ ನಾಪತ್ತೆ. ಉಪ್ಪಿನಕಾಯಿಯ ಉಪ್ಪು ಹುಳಿಗೆ ಏನೂ ಆಗಿರಲಿಲ್ಲ. ಮುಕ್ಕಾಲು ಗಂಟೆ ಕಳೆದ ಮೇಲೆ ಸಿಹಿ ಮೆಲ್ಲಗೆ ವಾಪಸಾಯಿತು.

ನಮ್ಮವರಿಗೆ ಈ ಗುಣ ಎಂದಿನಿಂದಲೋ ಗೊತ್ತಿತ್ತು, ಹೆಸರೇ ಹೇಳುತ್ತದೆ. ಹಿಂದಿಯಲ್ಲೂ ಇದು 'ಗುಡ್‌ಮಾರ್', ಬೆಲ್ಲವನ್ನು ಕೊಲ್ಲುವುದು. ಭಾರತದಲ್ಲಿದ್ದ ಎಡ್ಜ್‌ವರ್ತ್ ಎಂಬ ಬ್ರಿಟಿಷರು ಎಲೆ ಅಗಿದ ಮೇಲೆ ಚಹಾದ ಸಕ್ಕರೆಯೇ ತಿಳಿಯಲಿಲ್ಲ ಎಂದ ಸಂಗತಿ 1847ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಗೆ ತಲುಪಿತು. ಎಲೆಯನ್ನು ಪ್ರಯೋಗಾಲಯಕ್ಕೆ ಒಯ್ದು ಜಾಲಾಡಿದವರು ನಮ್ಮ ಪಕ್ಕದ ಊಟಿಯಲ್ಲಿದ್ದ ಡೇವಿಡ್ ಹೂಪರ್. ಸಿಂಕೋನಾ ತೊಗಟೆಯ ಕ್ವಿನೈನ್ ಪರೀಕ್ಷಿಸುವುದು ಅವರ ಸರ್ಕಾರಿ ಕೆಲಸ. ಜಗತ್ತಿನಲ್ಲೇ ಕಹಿಗೆ ಹೆಸರಾದ ವಸ್ತುವಿನ ಜೊತೆ ಏಗುತ್ತಿದ್ದವರೇ 1887ರಲ್ಲಿ ಸಿಹಿ ಅಳಿಸುವ ಅಂಶವನ್ನು ಬೇರ್ಪಡಿಸಿ 'ಜಿಮ್ನೆಮಿಕ್ ಆಮ್ಲ' ಎಂದು ಹೆಸರಿಟ್ಟರು.

ಅದು ಮಾಡುವ ಕೆಲಸವೇನೆಂದು ತಿಳಿಯಲು ಮತ್ತೊಂದು ಶತಮಾನ ದಾಟಬೇಕಾಯಿತು. ನಾಲಿಗೆಯ ರುಚಿಮೊಗ್ಗುಗಳಲ್ಲಿ ಟಿ1ಆರ್2, ಟಿ1ಆರ್3 ಎಂಬ ಎರಡು ಪ್ರೋಟೀನುಗಳು ಜೋಡಿಯಾಗಿ ಸಿಹಿಯನ್ನು ಗುರುತಿಸುತ್ತವೆ ಎಂಬುದು 2001ರ ಸುಮಾರಿಗೆ ಸ್ಪಷ್ಟವಾಯಿತು. ಬೆಕ್ಕಿನ ಜಾತಿಯಲ್ಲಿ ಟಿ1ಆರ್2ರ ಜೀನ್ ಕೆಟ್ಟು ಕೂತಿದೆ. ಪಾಯಸದ ಪಾತ್ರೆಗೆ ಬೆಕ್ಕು ಬಾಯಿ ಹಾಕಿದರೆ ಅದು ಹಾಲಿನಾಸೆಗೇ ಹೊರತು ಸಕ್ಕರೆಗಲ್ಲ. ಮಧುನಾಶಿನಿ ಹೋಗಿ ಅಂಟಿಕೊಳ್ಳುವುದು ಟಿ1ಆರ್3ಕ್ಕೆ. ಜೊಲ್ಲಿನೊಂದಿಗೆ ತೊಳೆದುಹೋಗುವ ತನಕ ಸಿಹಿಯ ಸುದ್ದಿ ಮಿದುಳಿಗೆ ಮುಟ್ಟುವುದಿಲ್ಲ.

ಹಾಗಾದರೆ ಚಪಲವೂ ನಿಂತಿತಲ್ಲ? ಇಲ್ಲ. ನಮ್ಮ ಹಳೆಯ ಮನೆಗಳನ್ನು ನೆನಪಿಸಿಕೊಳ್ಳಿ. ಮುಂದೆ ಜಗುಲಿ, ಹಿಂದೆ ಹಿತ್ತಿಲು. ಜಗುಲಿಗೆ ಬಂದವರನ್ನು ಮಾತಾಡಿಸಿ, ಮಜ್ಜಿಗೆ ಕೊಟ್ಟು ಕಳಿಸುತ್ತಾರೆ. ಅಕ್ಕಿ ಮೂಟೆ, ತೆಂಗಿನಕಾಯಿ, ಸೌದೆ ಇಳಿಯುವುದು ಹಿತ್ತಿಲ ಬಾಗಿಲಿನಲ್ಲಿ. ಇವತ್ತು ಎಷ್ಟು ಸಾಮಾನು ಬಂತೆಂದು ಮನೆಯ ಯಜಮಾನಿ ಲೆಕ್ಕ ಇಡುವುದೂ ಅಲ್ಲೇ. ನಾಲಿಗೆ ಜಗುಲಿಯಾದರೆ ಕರುಳು ಹಿತ್ತಿಲು. ಕರುಳಿನ ಒಳಗೋಡೆಯ ಕೆಲವು ಕೋಶಗಳು ಗ್ಲೂಕೋಸ್ ಬಂದದ್ದನ್ನು ಗುರುತಿಸಿ, ವೇಗಸ್ ನರದ ಮೂಲಕ ನೇರ ಮಿದುಳಿಗೆ ವರದಿ ಒಪ್ಪಿಸುತ್ತವೆ. ಈ ವರದಿಯಲ್ಲಿ ರುಚಿಯ ಮಾತೇ ಇಲ್ಲ. 'ಸಾಮಾನು ಬಂತು, ಮತ್ತೆ ತರಿಸು' ಎಂಬುದಷ್ಟೇ.

ಕೊಲಂಬಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ಜೂಕರ್ ತಂಡ 2020ರಲ್ಲಿ ಇದನ್ನು ತೋರಿಸಿದ ಬಗೆ ಚೆನ್ನಾಗಿದೆ. ಇಲಿಗಳ ಮುಂದೆ ಎರಡು ಬಾಟಲಿ: ಒಂದರಲ್ಲಿ ಸಕ್ಕರೆ ನೀರು, ಇನ್ನೊಂದರಲ್ಲಿ ಕೃತಕ ಸಿಹಿಕಾರಕದ ನೀರು. ಮೊದಲಿಗೆ ಇಲಿಗಳು ಎರಡನ್ನೂ ಸರಿಸಮ ಕುಡಿದವು. ಎರಡು ದಿನ ಕಳೆಯುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲವೂ ಸಕ್ಕರೆ ಬಾಟಲಿಗೇ ಸೇರಿಕೊಂಡಿದ್ದವು. ಸಿಹಿಯನ್ನೇ ಸವಿಯಲಾಗದಂತೆ ಜೀನ್ ಬದಲಿಸಿದ ಇಲಿಗಳೂ ಹೀಗೇ ಮಾಡಿದವು! ಕರುಳಿನಿಂದ ಮಿದುಳಿಗೆ ಹೋಗುವ ಆ ಸುದ್ದಿಯನ್ನು ತಡೆದಾಗ ಮಾತ್ರ ಸಕ್ಕರೆಯ ಕಡೆಗಿನ ವಾಲಿಕೆ ಹೋಯಿತು. (ಅಂದಹಾಗೆ, ಇಲಿಯ ನಾಲಿಗೆಗೆ ಜಿಮ್ನೆಮಿಕ್ ಆಮ್ಲ ನಾಟುವುದಿಲ್ಲ. ಮನುಷ್ಯರಿಗೆ, ಚಿಂಪಾಂಜಿಗಳಿಗೆ ನಾಟುತ್ತದೆ.)

1879ರಲ್ಲಿ ಸ್ಯಾಕರಿನ್ ಸಿಕ್ಕಾಗಿನಿಂದ ಇಂದಿನವರೆಗೆ ಬಂದ 'ಶುಗರ್‌ಫ್ರೀ' ಪದಾರ್ಥಗಳ ಕೊರತೆ ಇಲ್ಲೇ ಇದೆ. ಅವು ಜಗುಲಿಯ ಅತಿಥಿಗಳು. ಕದ ತಟ್ಟುತ್ತವೆ, ಹಿತ್ತಿಲಿಗೆ ಸಾಮಾನು ತರುವುದಿಲ್ಲ. ತೂಕ ಇಳಿಸಲು ಅವುಗಳನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಮಧುನಾಶಿನಿಯದು ಇದರ ತಿರುಗುಮುರುಗು: ಜಗುಲಿಗೆ ಚಿಲಕ, ಹಿತ್ತಿಲು ತೆರೆದೇ ಇದೆ. ಎಲೆಯ ಸತ್ವ ಕೊಟ್ಟು ನಡೆಸಿದ ಸಣ್ಣ ಪ್ರಯೋಗಗಳಲ್ಲಿ ಜನ ಆ ಹೊತ್ತಿಗೆ ಕಡಿಮೆ ಸಿಹಿ ತಿಂದದ್ದು ನಿಜ. ಅಷ್ಟು ಮಾತ್ರಕ್ಕೆ ಮಧುನಾಶಿನಿ ಪುಡಿಯ ಪೊಟ್ಟಣದ ಮೇಲೆ 'ಸಕ್ಕರೆ ಕಾಯಿಲೆ ಮಾಯ' ಎಂದು ಅಚ್ಚು ಹಾಕುವುದು ವ್ಯಾಪಾರ, ವಿಜ್ಞಾನವಲ್ಲ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಆ ಪುಡಿ ಮುಟ್ಟಬಾರದು. ರಕ್ತದ ಸಕ್ಕರೆ ಅತಿಯಾಗಿ ಇಳಿಯಬಹುದು.

ಮತ್ತೇನು ದಾರಿ? ಫಿಲಡೆಲ್ಫಿಯಾದ ಮೊನೆಲ್ ಕೇಂದ್ರದವರು 2016ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಎಲೆಗಿಂತ ಹೆಚ್ಚು ಇಷ್ಟ. ಮೂರು ತಿಂಗಳು ಒಂದು ಗುಂಪಿನ ಊಟದಿಂದ ಸಕ್ಕರೆಯ ಕ್ಯಾಲೊರಿಯಲ್ಲಿ 40 ಪ್ರತಿಶತ ತೆಗೆದು ಬೇರೆ ಆಹಾರದಿಂದ ತುಂಬಿದರು. ಮೂರನೇ ತಿಂಗಳ ಹೊತ್ತಿಗೆ, ರುಚಿ ನೋಡಲು ಕೊಟ್ಟ ಅದೇ ಪುಡ್ಡಿಂಗ್ ಅವರಿಗೆ, ಊಟ ಬದಲಿಸದ ಇನ್ನೊಂದು ಗುಂಪಿಗಿಂತ ಸುಮಾರು 40 ಪ್ರತಿಶತ ಹೆಚ್ಚು ಸಿಹಿಯಾಗಿ ತೋರಿತು. ಪುಡ್ಡಿಂಗ್ ಬದಲಾಗಿರಲಿಲ್ಲ, ನಾಲಿಗೆಯ ಅಳತೆಗೋಲು ಬದಲಾಗಿತ್ತು. ಆದರೆ ಸಿಹಿಯ ಮೇಲಿನ ಇಷ್ಟ ಕಡಿಮೆಯಾಗಲಿಲ್ಲ. ಕಟ್ಟುಪಾಡು ತೆಗೆದ ಕೂಡಲೇ ಅವರು ಹಳೆಯ ಪ್ರಮಾಣಕ್ಕೆ ಮರಳಿದರು.

ನಮ್ಮ ಸಕ್ಕರೆಯ ಲೆಕ್ಕ ಹಬ್ಬದ ಹೋಳಿಗೆಯಿಂದ ಶುರುವಾಗಬೇಕಿಲ್ಲ. ಸೇರಿಸಿದ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಆರು ಟೀ ಚಮಚದೊಳಗಿದ್ದರೆ ಇನ್ನೂ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದೆ. ಎರಡು ಚಮಚ ಸಕ್ಕರೆಯ ಕಾಫಿ ಮೂರು ಲೋಟ ಕುಡಿದರೆ ಸಂಜೆಯೊಳಗೆ ಆ ಪಾಲು ಮುಗಿಯಿತು. ಬೆಲ್ಲಕ್ಕೆ ಬದಲಿಸಿದೆ ಎಂದರೆ ರಿಯಾಯಿತಿ ಇಲ್ಲ, ಅದರಲ್ಲೂ ಬಹುಪಾಲು ಇರುವುದು ಅದೇ ಸುಕ್ರೋಸ್. ಜೇನುತುಪ್ಪವೂ ಈ ಲೆಕ್ಕದೊಳಗೇ ಬರುತ್ತದೆ.

ಆದ್ದರಿಂದ ಪತ್ರ ಬರೆದವರಿಗೆ ನನ್ನ ಸಲಹೆ ಇಷ್ಟು. ಮಧುನಾಶಿನಿ ಎಲೆ ಸಿಕ್ಕರೆ ಕುತೂಹಲಕ್ಕೆ ಒಮ್ಮೆ ಅಗಿಯಿರಿ, ಮಕ್ಕಳಿಗೆ ತೋರಿಸಲು ಅದಕ್ಕಿಂತ ಮೋಜಿನ ಪ್ರಯೋಗವಿಲ್ಲ. ಕಡಿಮೆ ಸಕ್ಕರೆಗೆ ನಾಲಿಗೆ ಒಗ್ಗಬೇಕಿದ್ದರೆ ಹದಿನೈದು ದಿನಕ್ಕೊಮ್ಮೆ ಕಾಫಿಯಿಂದ ಕಾಲು ಚಮಚ ಸಕ್ಕರೆ ಕಡಿಮೆ ಮಾಡಿ. ಮೂರು ತಿಂಗಳಿಗೆ ಎರಡು ಚಮಚ ಅರ್ಧ ಚಮಚಕ್ಕೆ ಇಳಿದಿರುತ್ತದೆ. ಆಮೇಲೆ ಮತ್ತೆ ಏರಿಸಬೇಡಿ.